ಮನೆಯಲ್ಲಿ ಗಿಟಾರ್ ನುಡಿಸೋರಿಗೆ: ಆಂಪ್ ಮಾಡೆಲರ್ ಜೊತೆ ಮೊದಲ ದಿನಗಳು

ಆಂಪ್ ಅಂದರೆ ಎಲೆಕ್ಟ್ರಿಕ್ ಗಿಟಾರಿನ ಸದ್ದನ್ನು ಹಿಗ್ಗಿಸುವ ಪೆಟ್ಟಿಗೆ; ಆಂಪ್ ಮಾಡೆಲರ್ ಅಂದರೆ ಅಂಥ ಆಂಪ್‌ಗಳ ಸದ್ದನ್ನು ಅನುಕರಿಸುವ ಪುಟ್ಟ ಡಿಜಿಟಲ್ ಡಬ್ಬಿ. ಅದನ್ನು ಕೊಂಡವರ ಮೊದಲ ದೂರು ಹೆಚ್ಚುಕಡಿಮೆ ಒಂದೇ. "ಡೆಮೊ ವಿಡಿಯೋದಲ್ಲಿ ಎಷ್ಟು ಚೆನ್ನಾಗಿತ್ತು ಮಾರಾಯ, ನನ್ನ ಹತ್ರ ಬಂದ ಮೇಲೆ ಡಬ್ಬಿಯೊಳಗೆ ಜೇನುಹುಳ ಕೂಡಿಹಾಕಿದ ಹಾಗೆ ಗುಂಯ್ ಅಂತಿದೆ." ಆಫೀಸಿನ ಗೆಳೆಯನೊಬ್ಬ ಈಚೆಗೆ ಒಂದನ್ನು ತಗೊಂಡ. ಅವನೂ ಇದನ್ನೇ ಹೇಳಿದ. ಟೀ ಬ್ರೇಕಿನಲ್ಲಿ ಅವನಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೆಲ್ಲ ಒಂದೇ ಕಡೆ ಇಡೋಣ ಅಂತ ಈ ಬರಹ.

ನಾನು ಇದಕ್ಕೆ ಬಂದದ್ದು ಮನೆಯ ಪರಿಸ್ಥಿತಿಯಿಂದ. ಮೈಸೂರಿನ ಕುವೆಂಪುನಗರದಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ. ಕೆಳಗೆ ಓನರ್ ಅಂಕಲ್, ಆಂಟಿ. ಮಗಳು ಒಂಬತ್ತಕ್ಕೆ ಮಲಗುತ್ತಾಳೆ. ನನಗೆ ಗಿಟಾರ್ ಕೈಗೆ ಸಿಗುವುದೇ ಆಮೇಲೆ. ಗಾಜಿನ ವಾಲ್ವ್‌ಗಳಿಂದ ನಡೆಯುವ ಹಳೇ ಮಾದರಿಯ ವಾಲ್ವ್ ಆಂಪ್ ಇಟ್ಟುಕೊಳ್ಳುವ ಆಸೆ ಇತ್ತು, ಈಗಲೂ ಇದೆ. ಆದರೆ 15 ವಾಟ್ ಅಂದರೆ ಚಿಕ್ಕದು ಅಂದುಕೊಳ್ಳಬೇಡಿ. ಆ ವಾಲ್ವ್‌ಗಳು ಚೆನ್ನಾಗಿ ದುಡಿಯುವಷ್ಟು ಜೋರು ಮಾಡಿದರೆ ಕೆಳಗಿನ ಮನೆಯ ಟಿವಿ ಸೀರಿಯಲ್ ಕೇಳಿಸುವುದಿಲ್ಲ. ಹಾಗಾಗಿ ಎಚ್‌ಎಕ್ಸ್ ಸ್ಟಾಂಪ್ ಅನ್ನುವ ಸೆಕೆಂಡ್ ಹ್ಯಾಂಡ್ ಮಾಡೆಲರ್ ಒಂದನ್ನು ಬೆಂಗಳೂರಿನಿಂದ ತಂದೆ. ಲೈನ್ 6 ಕಂಪನಿಯದು, 2018ರ ಮಾಡೆಲ್, ಮೂರೇ ಫುಟ್‌ಸ್ವಿಚ್. ನಿಮ್ಮದು ಬೇರೆ ಕಂಪನಿಯದಾದರೂ ಇಲ್ಲಿ ಹೇಳುವ ಬಹುಪಾಲು ಮಾತು ಅದಕ್ಕೂ ಸಲ್ಲುತ್ತದೆ.

ಈ ಯೋಚನೆ ಹೊಸದೇನಲ್ಲ. ಬಾಸ್ಟನ್ ಅನ್ನುವ ಅಮೆರಿಕದ ರಾಕ್ ಬ್ಯಾಂಡಿನ ಟಾಮ್ ಶೋಲ್ಜ್ 1982ರಲ್ಲೇ ರಾಕ್‌ಮನ್ ಅನ್ನುವ ಹೆಡ್‌ಫೋನ್ ಆಂಪ್ ತಂದಿದ್ದ. ಅದು ಅನಲಾಗ್, ಡಿಜಿಟಲ್ ಅಲ್ಲ. 1998ರಲ್ಲಿ ಲೈನ್ 6 ಕಂಪನಿಯ ಪಾಡ್ ಬಂತು. ರಾಜ್ಮಾ ಕಾಳಿನ ಆಕಾರದ ಕೆಂಪು ಡಬ್ಬಿ. ಮನೆಯಲ್ಲೇ ರೆಕಾರ್ಡ್ ಮಾಡುವವರ ಮೇಜಿನ ಮೇಲೆ ಅದು ಕೂತ ಮೇಲೆ ಮಾಡೆಲಿಂಗ್ ಅನ್ನುವುದು ತಮಾಷೆಯಾಗಿ ಉಳಿಯಲಿಲ್ಲ.

ಈಗ ಆ ಗುಂಯ್ ವಿಷಯಕ್ಕೆ ಬರೋಣ. ರೂಮಿನಲ್ಲಿ ಆಂಪ್ ಇಟ್ಟು ನುಡಿಸಿದಾಗ ಸ್ಪೀಕರ್ ನಿಮ್ಮ ಮೊಣಕಾಲಿನ ಹತ್ತಿರ ಇರುತ್ತದೆ. ಕಿವಿ ಮೇಲಿರುತ್ತದೆ. ಗೋಡೆ, ಹಾಸಿಗೆ, ಬೀರು ಎಲ್ಲಕ್ಕೂ ತಾಗಿ ಬಂದ ಸದ್ದು ನಿಮಗೆ ಕೇಳುತ್ತದೆ. ಮಾಡೆಲರ್ ಹಾಗಲ್ಲ. ಅದು ಆಂಪ್, ಸ್ಪೀಕರ್ ಪೆಟ್ಟಿಗೆ, ಆ ಪೆಟ್ಟಿಗೆಗೆ ಮೂಗು ತಾಗಿಸಿ ಇಟ್ಟ ಮೈಕ್, ಇಷ್ಟನ್ನೂ ಸೇರಿಸಿ ಕೊಡುತ್ತದೆ. ಅಂದರೆ ಸ್ಟುಡಿಯೋದ ಪಕ್ಕದ ಕೋಣೆಯಲ್ಲಿ ಕೂತ ಎಂಜಿನಿಯರ್‌ಗೆ ಕೇಳುವ ಸದ್ದು ಅದು. ಕಾಲೇಜು ದಿನಗಳ ಪ್ರಾಕ್ಟೀಸ್ ಆಂಪಿನ ನೆನಪು ಇಟ್ಟುಕೊಂಡು ಹೆಡ್‌ಫೋನ್ ಹಾಕಿದರೆ ನಿರಾಸೆ ಆಗಿಯೇ ಆಗುತ್ತದೆ. ಬೆಲೆ ಹೆಚ್ಚಿನ ಡಬ್ಬಿ ತಂದರೂ ಅಷ್ಟೇ.

ಇದು ತಲೆಯಲ್ಲಿದ್ದರೆ ಮೊದಲು ಕೈ ಹಾಕಬೇಕಾದ್ದು ಎಲ್ಲಿಗೆ ಅನ್ನುವುದು ತಾನೇ ಗೊತ್ತಾಗುತ್ತದೆ. ಆಂಪಿನ ಬಾಸ್, ಟ್ರೆಬಲ್ ನಾಬ್‌ಗಳಿಗಲ್ಲ. ಕ್ಯಾಬ್‌ಗೆ, ಅಂದರೆ ಸ್ಪೀಕರ್ ಪೆಟ್ಟಿಗೆಗೆ ಮತ್ತು ಮೈಕ್‌ಗೆ. ಗಿಟಾರ್ ಸ್ಪೀಕರ್ ಮಾಮೂಲಿ ಸ್ಪೀಕರ್ ಅಲ್ಲ. 5 ಕಿಲೋಹರ್ಟ್ಜ್ ದಾಟಿದರೆ ಅದರ ಸದ್ದು ಬೇಗ ಬಿದ್ದುಹೋಗುತ್ತದೆ. ಡಿಸ್ಟಾರ್ಷನ್ ಹುಟ್ಟಿಸುವ ಒರಟೆಲ್ಲ ಅಲ್ಲೇ ಸೋಸಿಹೋಗುತ್ತದೆ. ಒಂದು ಸಲ ಮಾಡೆಲರಿನಲ್ಲಿ ಕ್ಯಾಬ್ ಬ್ಲಾಕ್, ಅಂದರೆ ಕ್ಯಾಬ್ ಅನುಕರಿಸುವ ಭಾಗ, ಆಫ್ ಮಾಡಿ ಕೇಳಿ ನೋಡಿ. ಕಿವಿ ಚುರುಕ್ ಅನ್ನುತ್ತದೆ. ಇನ್ನೊಂದು ಕಡೆ, ಮಾಡೆಲರನ್ನು ನಿಜವಾದ ಗಿಟಾರ್ ಆಂಪಿಗೆ ಸಿಕ್ಕಿಸಿದಾಗ ಕ್ಯಾಬ್ ಬ್ಲಾಕ್ ಆಫ್ ಆಗಿರಬೇಕು. ಇಲ್ಲದಿದ್ದರೆ ಎರಡು ಸಲ ಸೋಸಿ, ಕಂಬಳಿ ಹೊದ್ದ ಸದ್ದು ಬರುತ್ತದೆ. ಅಂಗಡಿಯಲ್ಲಿ ಆಂಪಿಗೆ ಸಿಕ್ಕಿಸಿ ಕೇಳಿ "ಚೆನ್ನಾಗಿಲ್ಲ" ಅಂತ ವಾಪಸ್ ಬರುವವರಲ್ಲಿ ಎಷ್ಟೋ ಜನ ಕೇಳಿರುವುದು ಇದನ್ನೇ ಅಂತ ನನ್ನ ಅನುಮಾನ.

ಮೈಕ್ ಎಲ್ಲಿದೆ ಅನ್ನುವುದು ಇನ್ನೂ ಮುಖ್ಯ. ಸ್ಪೀಕರಿನ ನಟ್ಟನಡುವೆ ಟೋಪಿಯ ಹಾಗೆ ಒಂದು ಭಾಗ ಇರುತ್ತದಲ್ಲ, ಅದರ ಎದುರು ಮೈಕ್ ಇದ್ದರೆ ಸದ್ದು ಚೂಪು. ಅಂಚಿನ ಕಡೆ ಸರಿಸಿದಷ್ಟೂ ದುಂಡಗಾಗುತ್ತದೆ. ದೂರ ಎಳೆದರೆ ಬಾಸ್ ಕಡಿಮೆಯಾಗುತ್ತದೆ. ನನ್ನ ಡಬ್ಬಿಗೆ 3.50 ಫರ್ಮ್‌ವೇರ್ (ಡಬ್ಬಿಯೊಳಗಿನ ಸಾಫ್ಟ್‌ವೇರ್) ಬಂದ ಮೇಲೆ ಮೈಕನ್ನು ಹೀಗೆ ಪರದೆಯ ಮೇಲೆ ಬೇಕಾದಲ್ಲಿ ಸರಿಸಬಹುದು. ಸೆಕೆಂಡ್ ಹ್ಯಾಂಡ್ ತಗೊಂಡವರು ಮೊದಲು ಫರ್ಮ್‌ವೇರ್ ಯಾವುದು ನೋಡಿ. ಎಸ್‌ಎಂ57 ಮೈಕ್ ಆರಿಸಿ, ನಡುವಿನಿಂದ ಅಂಚಿನ ಕಡೆ ನಿಧಾನ ಸರಿಸುತ್ತ ಒಂದೇ ಕಾರ್ಡ್ ನುಡಿಸಿ. ಇಷ್ಟರಲ್ಲೇ ಗುಂಯ್ ಅರ್ಧ ಹೋಗಿರುತ್ತದೆ. ಉಳಿದದ್ದಕ್ಕೆ ಕ್ಯಾಬ್ ಬ್ಲಾಕಿನಲ್ಲೇ ಹೈ ಕಟ್, ಲೋ ಕಟ್ ಇವೆ. ಒಂದು ತೀರಾ ಮೇಲಿನ ಸದ್ದನ್ನು, ಇನ್ನೊಂದು ತೀರಾ ಕೆಳಗಿನ ಸದ್ದನ್ನು ಕತ್ತರಿಸುತ್ತದೆ. ಮೇಲೆ 7 ಕಿಲೋಹರ್ಟ್ಜ್ ಆಸುಪಾಸು, ಕೆಳಗೆ 80ರಿಂದ 100 ಹರ್ಟ್ಜ್. ಇದು ಶುರುಮಾಡುವ ಜಾಗ ಅಷ್ಟೇ, ಶಾಸನ ಅಲ್ಲ.

ಇಂಟರ್ನೆಟ್‌ನಲ್ಲಿ ಐಆರ್ ಫೈಲುಗಳು ಸಾವಿರಗಟ್ಟಲೆ ಸಿಗುತ್ತವೆ. ಐಆರ್ (ಇಂಪಲ್ಸ್ ರೆಸ್ಪಾನ್ಸ್) ಅಂದರೆ ಯಾರೋ ಸ್ಟುಡಿಯೋದಲ್ಲಿ ಒಂದು ಕ್ಯಾಬ್, ಒಂದು ಮೈಕ್ ಇಟ್ಟು ಅಳೆದು ಹಿಡಿದಿಟ್ಟ ಗುರುತು, ಕ್ಯಾಬ್ ಬ್ಲಾಕಿನ ಬದಲು ಹಾಕುವಂಥದ್ದು. ಒಳ್ಳೆಯವು ಬಹಳ ಇವೆ. ಆದರೆ ಶುರುವಿನಲ್ಲಿ ಆ ಕಡೆ ಹೋಗಬೇಡಿ. ರಾತ್ರಿಯೆಲ್ಲ ಫೈಲ್ ಬದಲಾಯಿಸುತ್ತ ಕೂತರೆ ಗಿಟಾರ್ ತೊಡೆಯ ಮೇಲೆ ಸುಮ್ನೆ ಮಲಗಿರುತ್ತದೆ.

ಫ್ಯಾಕ್ಟರಿ ಪ್ರೀಸೆಟ್‌ಗಳ, ಅಂದರೆ ಕಂಪನಿಯೇ ಜೋಡಿಸಿಟ್ಟ ಸೆಟ್ಟಿಂಗುಗಳ ಬಗ್ಗೆಯೂ ನನ್ನದು ಇದೇ ಅಭಿಪ್ರಾಯ. ಅಂಗಡಿಯಲ್ಲಿ ಗಿರಾಕಿಯನ್ನು ಬೀಳಿಸುವುದಕ್ಕೆ ಮಾಡಿದವು ಅವು. ಡಿಲೇ, ರಿವರ್ಬ್ (ಕೋಣೆಯ ಮಾರ್ದನಿಯಂಥದ್ದು), ಕೋರಸ್ ಅಂತ ಎಫೆಕ್ಟ್‌ಗಳನ್ನೆಲ್ಲ ಸುರಿದಿರುತ್ತಾರೆ. ಖಾಲಿ ಪ್ರೀಸೆಟ್ ತೆಗೆದು ಒಂದು ಆಂಪ್, ಒಂದು ಕ್ಯಾಬ್, ಚೂರು ರಿವರ್ಬ್ ಇಡಿ. ಟ್ರೇಡ್‌ಮಾರ್ಕ್ ಗಲಾಟೆಗೆ ಹೆದರಿ ಬಹುಪಾಲು ಕಂಪನಿಗಳು ಆಂಪ್‌ಗಳಿಗೆ ಅಡ್ಡಹೆಸರು ಇಟ್ಟಿರುತ್ತವೆ. ನನ್ನದರಲ್ಲಿ ಯುಎಸ್ ಡಿಲಕ್ಸ್ ಅಂದರೆ ಫೆಂಡರ್ ಡಿಲಕ್ಸ್ ರಿವರ್ಬ್, ಎಸೆಕ್ಸ್ ಎ30 ಅಂದರೆ ವೋಕ್ಸ್ ಎಸಿ30, ಬ್ರಿಟ್ 2204 ಅಂದರೆ ಮಾರ್ಷಲ್ ಜೆಸಿಎಂ800. ಕ್ಯಾಲಿ ರೆಕ್ಟಿಫೈರ್ ಅಂದರೆ ಮೆಸಾ ಬೂಗಿಯ ರೆಕ್ಟಿಫೈಯರ್ ಅಂತ ಮೆಟಲ್ ಕೇಳುವವರಿಗೆ ಹೇಳಬೇಕಾಗಿಲ್ಲ. ನಾನು ಬಹುದಿನ ಡಿಲಕ್ಸ್ ಒಂದರಲ್ಲೇ ಇದ್ದೆ. ಡ್ರೈವ್ (ಸದ್ದು ಎಷ್ಟು ಒಡೆಯಬೇಕು ಅನ್ನುವ ನಾಬ್) ಅರ್ಧದ ಹತ್ತಿರ ಇಟ್ಟು, ಗಿಟಾರಿನ ವಾಲ್ಯೂಮ್ ನಾಬ್ ಇಳಿಸಿದರೆ ಕ್ಲೀನ್, ಏರಿಸಿದರೆ ಸ್ವಲ್ಪ ಒಡೆದ ಸದ್ದು. ಕಾಲಲ್ಲಿ ಏನನ್ನೂ ಒತ್ತಬೇಕಾಗಿಲ್ಲ. ಒಳ್ಳೆಯ ಮಾಡೆಲರ್ ಹೌದೋ ಅಲ್ಲವೋ ಅನ್ನುವುದಕ್ಕೆ ನನ್ನ ಪರೀಕ್ಷೆಯೂ ಇದೇ. ಗಿಟಾರಿನ ನಾಬ್‌ಗೆ, ಬೆರಳಿನ ಬಿರುಸಿಗೆ ಅದು ಜಗ್ಗಬೇಕು.

ಸದ್ದಿನ ಮಟ್ಟದ ಬಗ್ಗೆ ಒಂದು ಮಾತು. ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿಗೆ ಬಾಸ್ ಮತ್ತು ತೀರಾ ಮೇಲಿನ ಟ್ರೆಬಲ್ ಕಡಿಮೆ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಹಾಗಾಗಿ ರಾತ್ರಿ ಮೆತ್ತಗೆ ಕೇಳುತ್ತ ಬಾಸ್ ಏರಿಸಿ ಮಾಡಿದ ಪ್ರೀಸೆಟ್, ಭಾನುವಾರ ಗೆಳೆಯನ ಮನೆಯ ದೊಡ್ಡ ಸ್ಪೀಕರಿನಲ್ಲಿ ಗುಡುಗುತ್ತದೆ. ಮನೆಗೊಂದು, ಹೊರಗೊಂದು ಅಂತ ಎರಡು ಪ್ರೀಸೆಟ್ ಇಟ್ಟುಕೊಂಡರೆ ಕೆಲಸ ಮುಗೀತು.

ಇನ್ನು ಹಮ್, ಅಂದರೆ ನುಡಿಸದಿದ್ದರೂ ಕೇಳುವ ಕರೆಂಟಿನ ಮೊರೆತ. ಇದರ ಬಗ್ಗೆ ವಿದೇಶಿ ವಿಡಿಯೋಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ, ನಮ್ಮ ಮನೆಗಳಲ್ಲಿ ಇದೇ ದೊಡ್ಡ ತಲೆನೋವು. ತಂತಿಯ ಕಂಪನವನ್ನು ಹಿಡಿಯುವ ಭಾಗಕ್ಕೆ ಪಿಕಪ್ ಅನ್ನುತ್ತಾರೆ. ನನ್ನ ಗಿಟಾರಿನಲ್ಲಿ ಒಂದೇ ಸುರುಳಿಯ, ಸಿಂಗಲ್ ಕಾಯಿಲ್ ಪಿಕಪ್‌ಗಳು. ಸುತ್ತಲಿನ ವೈರಿಂಗಿನ ಸದ್ದನ್ನೆಲ್ಲ ಹಿಡಿಯುತ್ತವೆ. ಕುರ್ಚಿಯಲ್ಲಿ ಕೂತು ನಿಧಾನ ಒಂದು ಸುತ್ತು ತಿರುಗಿ ನೋಡಿ. ಒಂದು ದಿಕ್ಕಿನಲ್ಲಿ ಹಮ್ ಇಳಿದರೆ ತಪ್ಪು ಡಬ್ಬಿಯದಲ್ಲ, ಪಿಕಪ್‌ನದು. ಆ ದಿಕ್ಕಿಗೇ ಕೂತು ರೆಕಾರ್ಡ್ ಮಾಡಿ. ಫ್ಯಾನ್ ರೆಗ್ಯುಲೇಟರ್ ಕೂಡ ನೋಡಿ. ನಾಬ್ ತಿರುಗಿಸಿದಂತೆ ವೇಗ ನುಣ್ಣಗೆ ಏರುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇದ್ದರೆ, ಕಡಿಮೆ ಸ್ಪೀಡಿನಲ್ಲಿ ಅದು ಝರ್ ಅಂತ ಸದ್ದು ಹಾಕುತ್ತದೆ. ಟಕ್ ಟಕ್ ಅಂತ ಐದು ಹಂತ ಇರುವ ಕೆಪಾಸಿಟರ್ ರೆಗ್ಯುಲೇಟರ್ ಹಾಕಿಸಿದ ಮೇಲೆ ನಮ್ಮ ಕೋಣೆಯಲ್ಲಿ ಆ ಕಾಟ ಹೋಯಿತು.

ಲ್ಯಾಪ್‌ಟಾಪ್ ಚಾರ್ಜರ್ ಇನ್ನೊಂದು. ಚಾರ್ಜರ್ ತೆಗೆದ ಕೂಡಲೇ ಸದ್ದು ನಿಂತರೆ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದಾಗ ಕೈ ಜುಂ ಅನ್ನುತ್ತಿದ್ದರೆ ಅರ್ಥಿಂಗ್ ಕಡೆ ಗಮನ ಕೊಡಬೇಕು. ಹಳೇ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇರುತ್ತದೆ, ಹಿಂದೆ ಅರ್ಥ್ ವೈರೇ ಇರುವುದಿಲ್ಲ. ಗಿಟಾರಿನ ತಂತಿ ಲೋಹ, ಅದನ್ನು ಹಿಡಿದಿರುವುದು ನೀವು. ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಪರೀಕ್ಷೆ ಮಾಡಿಸಿ. ಇದೊಂದನ್ನು ಮಾತ್ರ ನಾಳೆಗೆ ಇಡಬೇಡಿ. ಹಾಗೇ, ಡಬ್ಬಿಯ ಜೊತೆ ಬಂದ ಅಡಾಪ್ಟರನ್ನೇ ಬಳಸಿ. ನನ್ನದಕ್ಕೆ 9 ವೋಲ್ಟ್, 3 ಆಂಪಿಯರ್ ಬೇಕು. ಪೆಡಲ್‌ಗಳ ಮಾಮೂಲಿ ಅಡಾಪ್ಟರಿಗೆ ಅಷ್ಟು ಕರೆಂಟ್ ಕೊಡುವ ಶಕ್ತಿ ಇಲ್ಲ.

ರೆಕಾರ್ಡಿಂಗ್ ನಿಜಕ್ಕೂ ಸುಲಭ. ಈ ಡಬ್ಬಿಯೇ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಅಂದರೆ ಸದ್ದನ್ನು ಲ್ಯಾಪ್‌ಟಾಪಿಗೆ ಸೇರಿಸುವ ಸಾಧನ ಕೂಡ ಹೌದು. ವಿಂಡೋಸ್ ಆದರೆ ಕಂಪನಿಯ ಎಎಸ್‌ಐಒ ಡ್ರೈವರ್ ಹಾಕಿ. ರೆಕಾರ್ಡ್ ಮಾಡುವುದಕ್ಕೆ ನಾನು ರೀಪರ್ ಅನ್ನುವ ಸಾಫ್ಟ್‌ವೇರ್ ಬಳಸುತ್ತೇನೆ. ಪ್ರಾಜೆಕ್ಟ್ 48 ಕಿಲೋಹರ್ಟ್ಜ್‌ನಲ್ಲಿ. ಲೆವೆಲ್ ಮೀಟರ್ ಕೆಂಪು ಮುಟ್ಟುವಷ್ಟು ಏರಿಸುವ ಹಳೇ ಚಾಳಿ ಬೇಡ, 24 ಬಿಟ್‌ನಲ್ಲಿ ಅದರ ಅಗತ್ಯವಿಲ್ಲ. ಜೋರಾಗಿ ಬಾರಿಸಿದಾಗ ಮೈನಸ್ 12 ಡೆಸಿಬೆಲ್ ಹತ್ತಿರ ಬಂದರೆ ಸಾಕು. ಲೇಟೆನ್ಸಿ, ಅಂದರೆ ನುಡಿಸಿದ್ದು ಕೇಳಲು ಆಗುವ ತಡ, ಅಂತ ಎಲ್ಲರೂ ಹೆದರಿಸುತ್ತಾರೆ. 128 ಸ್ಯಾಂಪಲ್ ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ತಗೊಳ್ಳುವ ಸದ್ದಿನ ತುಣುಕು) ಅಂದರೆ 48 ಕಿಲೋಹರ್ಟ್ಜ್‌ನಲ್ಲಿ ಸುಮಾರು 2.7 ಮಿಲಿಸೆಕೆಂಡ್. ಆಂಪಿನಿಂದ ಒಂದು ಮೀಟರ್ ದೂರ ಕೂತರೆ ಗಾಳಿಯಲ್ಲಿ ಸದ್ದು ಬರುವುದಕ್ಕೇ ಅಷ್ಟು ಹೊತ್ತು ಬೇಕು. ಅದೂ ಅಲ್ಲದೆ ಹೆಡ್‌ಫೋನನ್ನು ಡಬ್ಬಿಗೇ ಸಿಕ್ಕಿಸಿದರೆ ನಿಮ್ಮ ಗಿಟಾರ್ ನೇರವಾಗಿ ಕೇಳುತ್ತದೆ, ಲ್ಯಾಪ್‌ಟಾಪ್ ಸುತ್ತಿ ಬರುವುದೇ ಇಲ್ಲ. ರೀಪರ್‌ನಲ್ಲಿ ಆ ಟ್ರ್ಯಾಕಿನ ಮಾನಿಟರ್ ಬಟನ್ ಆಫ್ ಮಾಡಿ. ಇಲ್ಲದಿದ್ದರೆ ಒಂದೇ ಗಿಟಾರ್ ಎರಡೆರಡು ಸಲ ಕೇಳುತ್ತದೆ.

ಇದರಲ್ಲಿ ನನಗೆ ಅತಿ ಇಷ್ಟವಾದದ್ದು ಡ್ರೈ ಟ್ರ್ಯಾಕ್. ಒಂದು ಟ್ರ್ಯಾಕಿನಲ್ಲಿ ಆಂಪ್, ಕ್ಯಾಬ್ ಎಲ್ಲ ಸೇರಿದ ಸದ್ದು. ಇನ್ನೊಂದರಲ್ಲಿ ಬರಿಯ ಗಿಟಾರ್. ನನ್ನ ಡಬ್ಬಿಯಲ್ಲಿ ಅದು ಯುಎಸ್‌ಬಿ 5ರಲ್ಲಿ ಬರುತ್ತದೆ. ನುಡಿಸಿದ್ದು ಸರಿ ಇದೆ, ಸದ್ದು ಮಾತ್ರ ಹಿಡಿಸಲಿಲ್ಲ ಅನ್ನಿ. ಆ ಬರಿ ಗಿಟಾರನ್ನು ಮತ್ತೆ ಡಬ್ಬಿಗೆ ಕಳಿಸಿ ಬೇರೆ ಆಂಪಿನಲ್ಲಿ ಕೇಳಬಹುದು. ಮಗಳು ಎದ್ದು ಅಳುವುದರೊಳಗೆ ಒಂದು ಒಳ್ಳೆಯ ಟೇಕ್ ಸಿಕ್ಕರೆ ಸಾಕು, ಸದ್ದಿನ ಚಿಂತೆ ಇನ್ನೊಂದು ದಿನ ಮಾಡಿದರಾಯಿತು.

ದುಡ್ಡು ಹಾಕುವ ಮೊದಲು ಇದು ನಮಗೆ ಆಗಿಬರುತ್ತದೋ ನೋಡೋಣ ಅನ್ನುವವರಿಗೆ ನ್ಯೂರಲ್ ಆಂಪ್ ಮಾಡೆಲರ್ ಇದೆ. ಸ್ಟೀವನ್ ಅಟ್ಕಿನ್ಸನ್ ಅನ್ನುವವರು ಬರೆದ ಸಾಫ್ಟ್‌ವೇರ್, ಓಪನ್ ಸೋರ್ಸ್, ಪೂರ್ತಿ ಉಚಿತ. ಜನ ತಮ್ಮ ಆಂಪ್‌ಗಳನ್ನು ಇದಕ್ಕೆ ಕಲಿಸಿ ಫೈಲುಗಳನ್ನು ಹಂಚುತ್ತಾರೆ. ಲ್ಯಾಪ್‌ಟಾಪ್ ಜೊತೆ ಗಿಟಾರಿಗೆಂದೇ ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್ ಒಂದು ಬೇಕು. ಮಾಮೂಲಿ ಲೈನ್ ಇನ್‌ಪುಟ್‌ಗೆ ಸಿಕ್ಕಿಸಿದರೆ ಪಿಕಪ್‌ಗೆ ಭಾರ ಜಾಸ್ತಿಯಾಗಿ ಟ್ರೆಬಲ್ ಸತ್ತುಹೋಗುತ್ತದೆ. ಸದ್ದಿನಲ್ಲಿ ಇದು ನನ್ನ ಡಬ್ಬಿಗೇನೂ ಕಡಿಮೆ ಇಲ್ಲ. ಆದರೂ ದಿನವೆಲ್ಲ ಲ್ಯಾಪ್‌ಟಾಪ್ ನೋಡಿದವನಿಗೆ ರಾತ್ರಿಯೂ ಅದನ್ನೇ ತೆರೆಯುವ ಮನಸ್ಸಿರುವುದಿಲ್ಲ. ಡಬ್ಬಿ ಆನ್ ಮಾಡಿದರೆ ನುಡಿಸುವುದೊಂದೇ ಕೆಲಸ.

ಈಚೆಗೆ ನಾನು ಜಾಸ್ತಿ ರೆಕಾರ್ಡ್ ಮಾಡುತ್ತಿರುವುದು ಅಕ್ಕನ ಹಾಡುಗಳಿಗೆ. ಅವಳು ಶಿರಸಿಯಲ್ಲಿದ್ದಾಳೆ. ದೇವರನಾಮ, ಭಾವಗೀತೆ ಎರಡೂ ಹಾಡುತ್ತಾಳೆ. ಒಂದು ಫೋನಿನಲ್ಲಿ ತಂಬೂರಿ ಆಪ್ ಹಾಕಿಕೊಂಡು ಇನ್ನೊಂದರಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಾಳೆ. ಅವಳ ಶ್ರುತಿ ಐದೂವರೆ ಮನೆ, ಅಂದರೆ ಜಿ ಶಾರ್ಪ್. ಒಂದನೇ ಫ್ರೆಟ್‌ನಲ್ಲಿ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಜಿ ಕಾರ್ಡ್‌ಗಳನ್ನೇ ಹಿಡಿಯುತ್ತೇನೆ. ಮೆಟ್ರೋನೋಮ್ ಇಟ್ಟು ಹಾಡಿದ್ದಲ್ಲ, ಕಾಲ ಹಿಂದೆಮುಂದೆ ಆಗುತ್ತದೆ. ಅದನ್ನು ಸರಿಮಾಡಲು ಹೋಗುವುದಿಲ್ಲ, ಅವಳ ಉಸಿರು ಕೇಳುತ್ತ ನುಡಿಸುತ್ತೇನೆ. ಸದ್ದಿಗೆ ಅದೇ ಡಿಲಕ್ಸ್, ಗಿಟಾರಿನ ಕುತ್ತಿಗೆಯ ಕಡೆಯ ನೆಕ್ ಪಿಕಪ್, ಆಂಪಿನ ಮುಂದೆ ಒಂದು ಕಂಪ್ರೆಸರ್ (ಜೋರು, ಮೆತ್ತಗಿನ ಸದ್ದುಗಳ ಅಂತರ ಕಡಿಮೆ ಮಾಡುವ ಎಫೆಕ್ಟ್). ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ, ತಂತಿ ಎಳೆದು ಗಮಕ ಹಿಡಿಯುವಾಗ ಸದ್ದು ನಡುವೆ ಸಾಯದೆ ನಿಲ್ಲುವುದಕ್ಕೆ ಕಂಪ್ರೆಸರ್ ಬೇಕೇ ಬೇಕು. ಒಂಟಿಯಾಗಿ ಕೇಳಿದಾಗ ಸೊಗಸಾಗಿದ್ದ ಬಾಸ್ ಹಾಡಿನ ಜೊತೆ ತಂಬೂರಿಗೆ ಅಡ್ಡ ಬರುತ್ತದೆ. ಲೋ ಕಟ್ 150 ಹರ್ಟ್ಜ್ ತನಕ ಏರಿಸುತ್ತೇನೆ, ರಿವರ್ಬ್ ಇಳಿಸುತ್ತೇನೆ. ಗಿಟಾರ್ ಒಂದನ್ನೇ ಕೇಳಿದರೆ ಬಡಕಲು ಅನ್ನಿಸುತ್ತದೆ, ಹಾಡಿನೊಳಗೆ ಸರಿಯಾಗಿ ಕೂರುತ್ತದೆ. ಎಡಕ್ಕೊಂದು ಬಲಕ್ಕೊಂದು ಗಿಟಾರ್ ಬೇಕಾದಾಗ ಟ್ರ್ಯಾಕನ್ನು ಕಾಪಿ ಮಾಡುವುದಿಲ್ಲ, ಮತ್ತೊಮ್ಮೆ ನುಡಿಸುತ್ತೇನೆ. ಕಾಪಿ ಮಾಡಿದರೆ ಸದ್ದು ಜೋರಾಗುತ್ತದೆ ಅಷ್ಟೇ, ಅಗಲ ಆಗುವುದಿಲ್ಲ.

ಹೋದ ಸಲದ ಮಿಕ್ಸ್ ವಾಟ್ಸಾಪಿನಲ್ಲಿ ಕಳಿಸಿದ್ದೆ. ಮೈಕ್ ಜಾಗ, ಕಂಪ್ರೆಸರ್, ಕಟ್ ಇವೆಲ್ಲದರ ಮೇಲೆ ಒಂದು ವಾರ ಕೂತು ಮಾಡಿದ್ದು. ಅಕ್ಕನ ಉತ್ತರ ಬಂತು: "ಚೆನ್ನಾಗಿದೆ ಕಣೋ. ಗಿಟಾರ್ ಸ್ವಲ್ಪ ಕಮ್ಮಿ ಮಾಡು, ಚರಣದಲ್ಲಿ ನಾನೇ ಕೇಳಿಸ್ತಾ ಇಲ್ಲ." ಎರಡು ಡೆಸಿಬೆಲ್ ಇಳಿಸಿ ಕಳಿಸಿದ್ದೇನೆ.