ಜಪಾನಿ ಮಾಲು, ಇಂಡಿಯಾ ಮಾಲು: ಕಾರು ಜೋಡಿಸಿದ ದೇಶಕ್ಕೆ ಎಷ್ಟು ಬೆಲೆ ಕೊಡಬೇಕು?

ಕಲಬುರಗಿಯಲ್ಲಿ ಯಾರಾದರೂ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೊರಟರೆ ಜೊತೆಗೆ ನಾಲ್ಕು ಜನ ಹೋಗುತ್ತಾರೆ. ಅವರಲ್ಲಿ ಒಬ್ಬರಾದರೂ ಬಾನೆಟ್ ಮೇಲೆ ಬೆರಳಿಂದ ತಟ್ಟಿ, "ಇದು ಖರೇ ಜಪಾನಿ ಮಾಲ್ ನೋಡ್ರೀ, ಈಗಿನ ಇಂಡಿಯಾ ಅಸೆಂಬ್ಲಿ ಗಾಡಿ ಏನೂ ಇಲ್ಲ, ಬರೇ ಡಬ್ಬಿ" ಅಂತಾರೆ. ಮಾರುವವನಿಗೂ ಇದೇ ಬೇಕು. ಹೈದರಾಬಾದಿನಿಂದ ಬಂದ ಹಳೇ ಗಾಡಿಗೆ ಈ ಒಂದು ಮಾತಿನ ಮೇಲೆ ರೇಟು ಏರಿಬಿಡುತ್ತದೆ.

ಈ ನಂಬಿಕೆ ಎಲ್ಲಿಂದ ಬಂತು ಅನ್ನೋದು ನನಗೆ ಅರ್ಥ ಆಗುತ್ತದೆ. ಸೌದಿ, ದುಬೈ ಕಡೆ ದುಡಿದು ಬಂದವರು ನಮ್ಮ ಭಾಗದಲ್ಲಿ ಜಾಸ್ತಿ. ಅಲ್ಲಿ ವರ್ಷಗಟ್ಟಲೆ ಕ್ಯಾಮ್ರಿ, ಲ್ಯಾಂಡ್ ಕ್ರೂಸರ್ ಓಡಿಸಿ, ಊರಿಗೆ ಬಂದು ಒಂದು ಸಣ್ಣ ಹ್ಯಾಚ್‌ಬ್ಯಾಕಿನ ಬಾಗಿಲು ಹಾಕಿದರೆ ಆ ಸದ್ದಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಅವರ ಅನುಭವ ಸುಳ್ಳಲ್ಲ. ಆದರೆ ಅವರು ಹೋಲಿಸುತ್ತಿರೋದು ಎರಡು ದೇಶಗಳನ್ನಲ್ಲ, ಎರಡು ಬೆಲೆಗಳನ್ನು. ಅರ್ಧ ಕೋಟಿ ಮೇಲಿನ ಗಾಡಿಗೂ ಆರೇಳು ಲಕ್ಷದ ಗಾಡಿಗೂ ತಗಡು, ರಬ್ಬರ್, ಒಳಗಿನ ಪ್ಯಾಡಿಂಗ್ ಒಂದೇ ಇರಲು ಹೇಗೆ ಸಾಧ್ಯ?

ಇನ್ನೊಂದು ವಿಷಯ. ನಮ್ಮೂರಲ್ಲಿ ಜಪಾನಿ ಮಾಲು ಅಂತ ಹೊಗಳೋದು ಯಾವ ಗಾಡಿಯನ್ನು? ಹೆಚ್ಚಾಗಿ ಹಳೇ ಇನ್ನೋವಾ, ಅದಕ್ಕೂ ಮೊದಲು ಕ್ವಾಲಿಸ್. ಕ್ವಾಲಿಸ್ ಬಂದಿದ್ದು 2000ದಲ್ಲಿ, ಇನ್ನೋವಾ 2005ರಲ್ಲಿ. ಎರಡೂ ತಯಾರಾಗಿದ್ದು ಬಿಡದಿಯಲ್ಲಿ, ಬೆಂಗಳೂರು–ಮೈಸೂರು ರಸ್ತೆ ಪಕ್ಕ. ಅನುಮಾನ ಇದ್ದರೆ ಆರ್‌ಸಿಯಲ್ಲಿ ಚಾಸಿ ನಂಬರ್ ನೋಡಿ. ಒಟ್ಟು 17 ಅಕ್ಷರ-ಅಂಕಿ ಇರುತ್ತವೆ, ಮೊದಲ ಮೂರು ತಯಾರಕರ ಗುರುತು. ಟೊಯೋಟಾ ಕಿರ್ಲೋಸ್ಕರ್ ಆದರೆ ಎಂಬಿಜೆ, ಮಾರುತಿ ಆದರೆ ಎಂಎ3, ಚೆನ್ನೈ ಹತ್ತಿರದ ಹ್ಯುಂಡೈ ಆದರೆ ಎಂಎಎಲ್. ಜಪಾನಿನಲ್ಲಿ ತಯಾರಾದ ಗಾಡಿ ಜೆ ಅಕ್ಷರದಿಂದ ಶುರುವಾಗುತ್ತದೆ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿ ಇನ್ನೂ ಜೇವರ್ಗಿ ರಸ್ತೆಯಲ್ಲಿ ಬಾಡಿಗೆ ಹೊಡೆಯುತ್ತಿರೋ ಆ ಇನ್ನೋವಾಗಳೆಲ್ಲ ಕರ್ನಾಟಕದಲ್ಲೇ ಜೋಡಣೆಯಾದವು.

ಹಾಗಾದರೆ ಬಿಲ್ಡ್ ಕ್ವಾಲಿಟಿಯನ್ನು, ಅಂದರೆ ಗಾಡಿಯ ಗಟ್ಟಿತನ, ಜೋಡಣೆಯ ಅಚ್ಚುಕಟ್ಟನ್ನು ನಿರ್ಧರಿಸೋದು ಏನು? ನನ್ನ ಪ್ರಕಾರ ಎರಡು ವಿಷಯ. ಗಾಡಿ ಯಾವ ಮಾರುಕಟ್ಟೆಗೆ, ಯಾವ ಕಾನೂನಿಗೆ, ಯಾವ ಬೆಲೆಗೆ ಅಂತ ಕಾಗದದ ಮೇಲೆ ಬರೆದರು ಅನ್ನೋದು ಒಂದು. ಆ ಕಾರ್ಖಾನೆಯಲ್ಲಿ ತಪ್ಪು ಕಂಡ ಕೆಲಸಗಾರನಿಗೆ ಲೈನ್ (ಕಾರು ಒಂದೊಂದೇ ಹಂತ ದಾಟಿ ಜೋಡಣೆಯಾಗೋ ಸಾಲು) ನಿಲ್ಲಿಸುವ ಅಧಿಕಾರ ಇದೆಯಾ ಅನ್ನೋದು ಇನ್ನೊಂದು.

ಎರಡನೆಯದಕ್ಕೆ ಫ್ರೀಮಾಂಟ್‌ಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರೋ ಊರದು. ಅಲ್ಲಿ ಜನರಲ್ ಮೋಟಾರ್ಸ್‌ನವರ ಕಾರ್ಖಾನೆ ಇತ್ತು. ಕೆಲಸಗಾರರಿಗೂ ಮ್ಯಾನೇಜರುಗಳಿಗೂ ಸದಾ ಜಗಳ, ಗೈರುಹಾಜರಿ ವಿಪರೀತ, ಹೊರಗೆ ಬಂದ ಕಾರುಗಳಿಗೆ ಕೆಟ್ಟ ಹೆಸರು. 1982ರಲ್ಲಿ ಬೀಗ ಬಿತ್ತು. ಎರಡು ವರ್ಷ ಬಿಟ್ಟು ಜಿಎಂ ಮತ್ತು ಟೊಯೋಟಾ ಸೇರಿ ಅದೇ ಕಾರ್ಖಾನೆಯನ್ನು ನುಮ್ಮಿ ಅನ್ನೋ ಹೆಸರಲ್ಲಿ ಮತ್ತೆ ತೆರೆದರು. ಜನ ಹೊಸಬರಲ್ಲ. ಹೆಚ್ಚಿನವರು ಹಳೇ ಕೆಲಸಗಾರರೇ, ಯೂನಿಯನ್ನೂ ಹಳೆಯದೇ. ಅವರಲ್ಲಿ ನೂರಾರು ಜನರನ್ನು ಜಪಾನಿನಲ್ಲಿರೋ ಟೊಯೋಟಾದ ತಕಾವೋಕಾ ಕಾರ್ಖಾನೆಗೆ ಕಳಿಸಿ ಕೆಲಸದ ರೀತಿ ತೋರಿಸಿದರು. ಲೈನಿನ ಉದ್ದಕ್ಕೂ ಒಂದು ಹಗ್ಗ ಕಟ್ಟಿರುತ್ತಿತ್ತು. ಬೋಲ್ಟ್ ಸರಿ ಕೂರಲಿಲ್ಲ, ಬಾಗಿಲು ಒಂಚೂರು ಓರೆ ಅನಿಸಿತು ಅಂದರೆ ಯಾವ ಕೆಲಸಗಾರನಾದರೂ ಅದನ್ನು ಎಳೆಯಬಹುದು. ಟೀಮ್ ಲೀಡರ್ ಓಡಿ ಬರುತ್ತಾನೆ, ಇಬ್ಬರೂ ಸೇರಿ ನೋಡುತ್ತಾರೆ, ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. ಹಿಂದೆ ಅದೇ ಜಾಗದಲ್ಲಿ ಲೈನ್ ನಿಲ್ಲಿಸೋದು ಅಂದರೆ ದೊಡ್ಡ ಅಪರಾಧ. ಸ್ವಲ್ಪ ಕಾಲದಲ್ಲೇ ಅಲ್ಲಿನ ಕಾರುಗಳು ತಕಾವೋಕಾ ಕಾರುಗಳಿಗೆ ಹೆಚ್ಚುಕಡಿಮೆ ಸರಿಸಮ ಬಂದವು! 2010ರಲ್ಲಿ ನುಮ್ಮಿ ಮುಚ್ಚಿತು, ಆ ಜಾಗವನ್ನು ಟೆಸ್ಲಾ ಕೊಂಡಿತು, ಆಮೇಲೆ ಅಲ್ಲಿಂದ ಬಂದ ಮೊದಮೊದಲ ಮಾಡೆಲ್ 3 ಕಾರುಗಳಲ್ಲಿ ಪ್ಯಾನೆಲ್ ಗ್ಯಾಪ್ (ತಗಡುಗಳ ನಡುವಿನ ಸಂದು) ಸರಿಯಿಲ್ಲ ಅಂತ ತುಂಬಾ ದೂರು ಬಂದವು. ದೇಶ, ಊರು, ಗೇಟು ಎಲ್ಲ ಒಂದೇ. ಮೂರು ಕಾಲಕ್ಕೆ ಮೂರು ಥರದ ಕಾರು.

ನಮ್ಮ ಕಾಕಾನ ಮಗ ಪುಣೆ ಕಡೆ ಒಂದು ಕಾರ್ಖಾನೆಯ ಲೈನಿನಲ್ಲಿದ್ದಾನೆ. ಐಟಿಐ ಮುಗಿಸಿ ಹೋದವನು. ಕಲಬುರಗಿ, ಬೀದರ್, ಯಾದಗಿರಿಯಿಂದ ಹೀಗೆ ಹೋದ ಹುಡುಗರು ಬೇಕಾದಷ್ಟು ಸಿಗುತ್ತಾರೆ. ಅವನ ಕೆಲಸ ಸೀಟ್ ಬೋಲ್ಟ್ ಬಿಗಿಯೋದು. ಮಷಿನ್ನಿಗೆ ಎಷ್ಟು ಬಿಗಿಬೇಕು ಅನ್ನೋದು ಮೊದಲೇ ತುಂಬಿಸಿರುತ್ತಾರೆ. ಅಷ್ಟು ಬಿಗಿ ಬಂದರೆ ಹಸಿರು ದೀಪ, ಬರದಿದ್ದರೆ ಕೆಂಪು. "ಅಣ್ಣಾ, ನಾಕು ಬೋಲ್ಟಿಗೂ ಹಸಿರು ಬರಬೇಕು, ಒಂದ್ ಬಿಟ್ರೂ ಗಾಡಿ ಮುಂದಿನ ಸ್ಟೇಷನ್ನಿಗೆ ಹೋಗಂಗಿಲ್ಲ" ಅಂದ. ಬಿಗಿದಾದ ಮೇಲೆ ಬೋಲ್ಟಿನ ತಲೆ ಮೇಲೆ ಪೇಂಟ್ ಪೆನ್ನಿನಿಂದ ಒಂದು ಗೆರೆ ಎಳೆಯುತ್ತಾನಂತೆ. ಈ ವ್ಯವಸ್ಥೆ ಇರೋ ಕಾರ್ಖಾನೆಯಲ್ಲಿ ಕೆಲಸಗಾರ ಜಪಾನಿಯೋ ಜೇವರ್ಗಿಯವನೋ, ಬೋಲ್ಟಿಗೆ ವ್ಯತ್ಯಾಸ ಇಲ್ಲ. ಅವನಿಗೆ ಬೇಸರ ಇರೋದು ಬೇರೆ ವಿಷಯಕ್ಕೆ. ಟ್ರೇನಿ, ಗುತ್ತಿಗೆ ಹುಡುಗರು ಕೆಲಸ ಕೈಗೆ ಹತ್ತುವ ಹೊತ್ತಿಗೆ ಬಿಟ್ಟು ಹೋಗುತ್ತಾರೆ, ಮತ್ತೆ ಹೊಸಬರು ಬರುತ್ತಾರೆ. ಬಾಗಿಲು ಹೊಂದಿಸುವಂಥ, ಕೈ-ಕಣ್ಣಿನ ಅಭ್ಯಾಸ ಬೇಕಾದ ಕೆಲಸದಲ್ಲಿ ಇದು ಗೊತ್ತಾಗಿಬಿಡುತ್ತದೆ. ಬಿಲ್ಡ್ ಕ್ವಾಲಿಟಿ ಬಗ್ಗೆ ಮಾತಾಡೋರು ಈ ಹುಡುಗರ ಸಂಬಳ, ಕಾಯಂ ಕೆಲಸದ ಬಗ್ಗೆ ಯಾಕೆ ಮಾತಾಡಲ್ಲ ಅಂತ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಇನ್ನು ಕಾಗದದ ಮೇಲಿನ ಲೆಕ್ಕ. 2014ರಲ್ಲಿ ಕಾರುಗಳ ಅಪಘಾತ ಸುರಕ್ಷತೆ ಪರೀಕ್ಷಿಸೋ ಸಂಸ್ಥೆಯಾದ ಗ್ಲೋಬಲ್ ಎನ್‌ಕ್ಯಾಪ್‌ನವರು ಭಾರತದ ಕಾರುಗಳನ್ನು ಗುದ್ದಿಸಿ ನೋಡಿದರು. ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ, ಈ ಐದೂ ಕಾರಿಗೆ, ಒಳಗೆ ಕೂತ ದೊಡ್ಡವರ ಸುರಕ್ಷತೆಯಲ್ಲಿ, ಐದರಲ್ಲಿ ಸೊನ್ನೆ ಸ್ಟಾರ್. ಆದರೆ ಏರ್‌ಬ್ಯಾಗ್ ಇದ್ದ ಪೋಲೊಗೆ 4 ಸ್ಟಾರ್ ಬಂತು. ಎರಡೂ ಪುಣೆ ಹತ್ತಿರದ ಚಾಕಣದಲ್ಲೇ ತಯಾರಾದ ಪೋಲೊ, ವರ್ಷವೂ ಒಂದೇ. 2018ರಲ್ಲಿ ಟಾಟಾ ನೆಕ್ಸಾನ್ ಮೊದಲು 4 ಸ್ಟಾರ್ ತಗೊಂಡು, ಒಂದಷ್ಟು ಸುಧಾರಣೆ ಮಾಡಿದ ಮೇಲೆ ಅದೇ ವರ್ಷ 5 ಸ್ಟಾರ್ ತಗೊಂಡಿತು. ಅದೂ ಪುಣೆ ಕಡೆಯ ರಾಂಜಣಗಾಂವ್ ಗಾಡಿ.

ಮೆಕ್ಸಿಕೋದ ಉದಾಹರಣೆ ಇನ್ನೂ ಘೋರ. 2016ರಲ್ಲಿ ಎರಡು ನಿಸ್ಸಾನ್ ಕಾರುಗಳನ್ನು ಎದುರುಬದುರು ಗುದ್ದಿಸಿದರು. ಒಂದು ಮೆಕ್ಸಿಕೋದಲ್ಲಿ ಮಾರುತ್ತಿದ್ದ ತ್ಸುರು, ಇನ್ನೊಂದು ಅಮೆರಿಕದಲ್ಲಿ ಮಾರುತ್ತಿದ್ದ ವರ್ಸಾ. ತ್ಸುರು ಒಳಗಿನ ಬೊಂಬೆ ಡ್ರೈವರ್ ಬದುಕುವ ಹಾಗಿರಲಿಲ್ಲ, ವರ್ಸಾ ಡ್ರೈವರ್ ಬಚಾವಾಗುತ್ತಿದ್ದ. ಎರಡನ್ನೂ ತಯಾರಿಸಿದ್ದು ಮೆಕ್ಸಿಕೋದಲ್ಲೇ. ಯಾವ ದೇಶದಲ್ಲಿ ಮಾರುತ್ತಾರೆ, ಅಲ್ಲಿನ ಕಾನೂನು ಏನು ಕೇಳುತ್ತದೆ, ಅಷ್ಟೇ ವ್ಯತ್ಯಾಸ. ನಮ್ಮಲ್ಲೂ ಹಾಗೇ. ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯೋ ವ್ಯವಸ್ಥೆ), ಏರ್‌ಬ್ಯಾಗ್ ಕಡ್ಡಾಯ ಆದದ್ದು 2019ರಿಂದ, ನಮ್ಮದೇ ದೇಶದ ಗುದ್ದು-ಪರೀಕ್ಷೆ ಭಾರತ್ ಎನ್‌ಕ್ಯಾಪ್ ಶುರುವಾಗಿದ್ದು 2023ರ ಅಕ್ಟೋಬರಿನಲ್ಲಿ. ದೇಶ ಲೆಕ್ಕಕ್ಕೆ ಬರೋದು ಇಲ್ಲಿ ನೋಡಿ, ಜೋಡಿಸುವ ದೇಶವಾಗಿ ಅಲ್ಲ, ಕೊಳ್ಳುವ ದೇಶವಾಗಿ. ನಾವು ಏನನ್ನು ಕೇಳುತ್ತೇವೋ ಅದನ್ನು ಕೊಡುತ್ತಾರೆ.

ಈಗ ಗಾಳಿ ತಿರುಗಿದೆ. ಹೋಂಡಾ ಎಲಿವೇಟ್ ರಾಜಸ್ಥಾನದ ಟಪೂಕಡಾದಿಂದ ಜಪಾನಿಗೆ ಹೋಗಿ 2024ರಿಂದ ಅಲ್ಲಿ ಡಬ್ಲ್ಯೂಆರ್-ವಿ ಹೆಸರಲ್ಲಿ ಮಾರಾಟವಾಗುತ್ತಿದೆ. ಸುಜುಕಿಯ ಐದು ಬಾಗಿಲಿನ ಜಿಮ್ನಿ ಇಲ್ಲಿಂದಲೇ ಹೋಗೋದು. 2025ರ ಜನವರಿ ಕೊನೆಗೆ ಅಲ್ಲಿ ಅದನ್ನು ತೋರಿಸಿದಾಗ ನಾಲ್ಕೈದು ದಿನದಲ್ಲಿ ಸುಮಾರು 50,000 ಆರ್ಡರ್ ಬಂದು, ಬುಕಿಂಗನ್ನೇ ನಿಲ್ಲಿಸಬೇಕಾಯಿತು. ಜಪಾನಿನವರು ಇಂಡಿಯಾ ಮಾಲಿಗೆ ಸಾಲು ನಿಂತಿದ್ದಾರೆ, ನಾವಿನ್ನೂ ಜಪಾನಿ ಮಾಲು ಹುಡುಕುತ್ತಿದ್ದೇವೆ.

ಬ್ಯಾಡ್ಜ್ ವಿಷಯವೂ ಅಷ್ಟೇ. "ಟೊಯೋಟಾ ಗ್ಲಾನ್ಜಾ ಗಟ್ಟಿ, ಬಲೇನೊ ಹಗುರ" ಅಂತ ಸೇಡಂ ರಸ್ತೆಯ ಚಹಾ ಅಂಗಡಿಗಳಲ್ಲಿ ವಾದ ನಡೆಯುತ್ತದೆ. ಗ್ಲಾನ್ಜಾ ಅಂದರೆ ಸುಜುಕಿ ಕಾರ್ಖಾನೆಯಲ್ಲೇ ತಯಾರಾಗಿ, ಟೊಯೋಟಾ ಲೋಗೊ ಹಾಕಿಕೊಂಡು ಬರೋ ಬಲೇನೊ. ಉಲ್ಟಾ ನೋಡಿದರೆ ಮಾರುತಿ ಗ್ರ್ಯಾಂಡ್ ವಿಟಾರಾ 2022ರಲ್ಲಿ ಟೊಯೋಟಾ ಹೈರೈಡರ್ ಜೊತೆ ಬಿಡದಿಯ ಟೊಯೋಟಾ ಲೈನಿನಲ್ಲೇ ಶುರುವಾಗಿದ್ದು. ಮುಂದಿನ ಗ್ರಿಲ್, ಸರ್ವಿಸ್ ಸೆಂಟರ್ ಬೇರೆ ಇರಬಹುದು, ತಗಡು ಒಂದೇ.

ಇದೆಲ್ಲ ಬಿಟ್ಟು ನಿಮ್ಮ ಮುಂದೆ ನಿಂತ ಗಾಡಿಯನ್ನು ನೋಡಿ. ಬಾಗಿಲು ತೆಗೆದು, ಅದರ ಚೌಕಟ್ಟಿನ ಅಂಚಿನ ರಬ್ಬರ್ ಬೀಡಿಂಗನ್ನು ನಿಧಾನಕ್ಕೆ ಎಳೆಯಿರಿ, ಅದು ಬಿಟ್ಟುಕೊಂಡು ಬರುತ್ತದೆ. ಒಳಗೆ ತಗಡಿನ ಮೇಲೆ ಸಾಲಾಗಿ ಗುಂಡನೆ ತಗ್ಗು ಕಾಣುತ್ತವೆ, ಅಂತರ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಅದು ಕಂಪನಿಯ ಸ್ಪಾಟ್ ವೆಲ್ಡಿಂಗ್. ಬೆರಳಾಡಿಸಿದಾಗ ತಗ್ಗು ಮಧ್ಯದಲ್ಲೇ ಕಾಣೆಯಾಗಿ ನುಣುಪಾದ ಪುಟ್ಟಿ ಸಿಕ್ಕರೆ, ಬಾಗಿಲ ಪಕ್ಕದ ಆ ಕಂಬ ಒಮ್ಮೆ ಕತ್ತರಿಸಿ ಕೂರಿಸಿದ್ದಾಗಿರಬಹುದು. ನಮ್ಮ ಓಣಿಯ ಡೆಂಟಿಂಗ್ ಉಸ್ತಾದ್ ಮೊದಲು ನೋಡೋದು ಇದನ್ನೇ, ಲೋಗೊ ಕಡೆ ಕಣ್ಣೆತ್ತಿಯೂ ನೋಡಲ್ಲ. ಆಮೇಲೆ ಬಾಗಿಲ ಹಿಂಜಿನ ಬೋಲ್ಟ್. ಪೇಂಟ್ ಕಿತ್ತು ಸ್ಪ್ಯಾನರ್ ಗುರುತು ಇದ್ದರೆ ಬಾಗಿಲು ಬಿಚ್ಚಿದ್ದಾರೆ ಅಂತ. ಗಾಜಿನ ಮೂಲೆಯ ಗುರುತು ಎಲ್ಲದರಲ್ಲೂ ಒಂದೇ ಕಂಪನಿಯದಾ ನೋಡಿ, ಒಂದು ಬೇರೆ ಇದ್ದರೆ ಯಾಕೆ ಅಂತ ಕೇಳಿ.

ಹೊಸ ಗಾಡಿಯಾದರೂ ಯಾರ್ಡಿನಲ್ಲೇ ನೋಡಿ, ಷೋರೂಮಿನ ದೀಪದ ಕೆಳಗೆ ಬೇಡ. ಎಷ್ಟೋ ದೂರ ಟ್ರೇಲರ್ ಮೇಲೆ ಬಂದು, ನಮ್ಮ ಮೇ ತಿಂಗಳ ಬಿಸಿಲಲ್ಲಿ ನಿಂತಿರುತ್ತದೆ. ಟೈರಿನ ಪಕ್ಕದಲ್ಲಿ ಡಿಒಟಿ (DOT) ಅಂತ ಶುರುವಾಗೋ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ, ಟೈರು ತಯಾರಾದ ವಾರ, ವರ್ಷ ಅದು. 2325 ಅಂದರೆ 2025ರ 23ನೇ ವಾರ. ಟೆಸ್ಟ್ ಡ್ರೈವನ್ನು ರಿಂಗ್ ರೋಡಿನಲ್ಲಿ ಮುಗಿಸಬೇಡಿ. ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ ನಮ್ಮ ಹಳ್ಳಿ ರಸ್ತೆಗಳೆಲ್ಲ ಅಲೆ ಅಲೆಯಾಗಿರುತ್ತವೆ, ಅಂಥ ರಸ್ತೆಗೆ ಒಯ್ಯಿರಿ. ಎಸಿ, ಹಾಡು ಎರಡೂ ಬಂದ್ ಮಾಡಿ, ಗಾಜು ಏರಿಸಿ, ಮೂವತ್ತು-ನಲವತ್ತರ ವೇಗದಲ್ಲಿ ಹೋಗಿ. ಡ್ಯಾಶ್‌ಬೋರ್ಡು, ಹಿಂದಿನ ಡಿಕ್ಕಿ ಬಾಗಿಲು, ಸೀಟ್ ಬೆಲ್ಟ್ ಕಂಬ, ಎಲ್ಲಿಂದ ಕಟಕಟ ಬರುತ್ತದೆ ಅಂತ ಹಿಂದೆ ಕೂತವರಿಗೆ ಕೇಳಲು ಹೇಳಿ. ಸದ್ದು ಬಂದರೆ ಡೆಲಿವರಿಗೆ ಮೊದಲೇ ಬರೆದು ಕೊಡಿ, ಸಹಿ ಹಾಕಿಸಿಕೊಳ್ಳಿ, ಸರಿ ಮಾಡಿಕೊಡುವವರೆಗೆ ಪೂರ್ತಿ ದುಡ್ಡು ಕಟ್ಟಬೇಡಿ.