ಒಂದು ಲೀಟರ್ ಅಂದ್ರೆ ಎಷ್ಟು?

ನಾನು ಗ್ರಾಫಿಕ್ ಡಿಸೈನರ್. ಬೆಂಗಳೂರಿನಲ್ಲಿ ಆರೇಳು ವರ್ಷ ಬಿಸ್ಕತ್ತು, ಶಾಂಪೂ ಪ್ಯಾಕೆಟ್‌ಗಳ ಕೆಲಸ ಮಾಡಿ, ಆಮೇಲೆ ಮಕ್ಕಳ ಆರೋಗ್ಯಕ್ಕಾಗಿ ಕೆಲಸ ಮಾಡುವ ಒಂದು ಸಂಸ್ಥೆ ಸೇರಿದೆ. ಅಲ್ಲಿ ಸಿಕ್ಕ ಮೊದಲ ಕೆಲಸ, ಯಾದಗಿರಿ ಕಡೆಯ ಹಳ್ಳಿಗಳಿಗೆ ಓಆರ್‌ಎಸ್ (ಭೇದಿಯಾದಾಗ ನೀರಿಗೆ ಕಲಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ) ಪೋಸ್ಟರ್. ಮಗುವಿಗೆ ಭೇದಿ ಶುರುವಾದರೆ ಏನು ಮಾಡಬೇಕು ಅಂತ ನಾಲ್ಕು ಚಿತ್ರಗಳಲ್ಲಿ ಹೇಳಬೇಕಿತ್ತು. ಸುಲಭ ಅಂದುಕೊಂಡೆ.

ಎರಡನೇ ಚಿತ್ರದಲ್ಲಿ ಒಂದು ಹಿತ್ತಾಳೆ ತಂಬಿಗೆ ಬರೆದಿದ್ದೆ. ಜಗ್ ಬರೆದರೆ ಪೇಟೆಯದ್ದು ಅನ್ನಿಸುತ್ತೆ, ತಂಬಿಗೆ ಆದರೆ ನಮ್ಮದು ಅನ್ನಿಸುತ್ತೆ ಅಂತ ನನ್ನ ಲೆಕ್ಕ. ಮೀಟಿಂಗ್‌ನಲ್ಲಿ ಎಲ್ಲರೂ ಮೆಚ್ಚಿದರು. ಅಚ್ಚಿಗೆ ಕಳಿಸುವ ಮುಂಚೆ ಸುಮ್ನೆ ಒಂದು ಸಲ ತೋರಿಸಿ ಬರೋಣ ಅಂತ ಊರಿಗೆ ಹೋದೆ. ಅಂಗನವಾಡಿಯಲ್ಲಿ ಸೇರಿದ್ದ ಹೆಂಗಸರು ಚಿತ್ರ ನೋಡಿ, ಸೆರಗು ಬಾಯಿಗೆ ಹಿಡಿದು ನಗತೊಡಗಿದರು. ಕೊನೆಗೆ ಒಬ್ಬ ಅಜ್ಜಿ ಬಾಯಿಬಿಟ್ಟರು: "ಯವ್ವಾ, ಜಾಡಿಸಾಕತ್ತಿದ್ರ ಚರಗಿ ತೊಗೊಂಡ್ ಹೋಗಬೇಕು ಅನ್ನೋದು ನಮಗ ಗೊತ್ತಿಲ್ಲೇನು?"

ಆ ಕಡೆ ತಂಬಿಗೆಗೆ ಚರಗಿ ಅಂತಾರೆ; ಚರಗಿ ತೊಗೊಂಡು ಹೋಗುವುದು ಅಂದರೆ ಶೌಚಕ್ಕೆ ಬಯಲಿಗೆ ಹೋಗುವುದು. ಮೈಸೂರಿನಲ್ಲಿ ಬೆಳೆದ ನನಗೆ ಹಿತ್ತಾಳೆ ತಂಬಿಗೆ ಅಂದರೆ ಹಬ್ಬದ ದಿನದ ಕಳಶ!

ನಗು ನಿಂತ ಮೇಲೆ ಆಶಾ ಕಾರ್ಯಕರ್ತೆಯೊಬ್ಬರು ನಿಜವಾದ ಪ್ರಶ್ನೆ ಕೇಳಿದರು. "ಚರಗಿ ಹೋಗ್ಲಿ ಬಿಡ್ರಿ ಮೇಡಂ. ಒಂದು ಲೀಟರ್ ಅಂದ್ರ ಎಷ್ಟು ಅಂತ ಇವರಿಗೆ ಹೆಂಗ ಗೊತ್ತಾಗಬೇಕು?"

ಸರ್ಕಾರದಿಂದ ಬರುವ ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ಅಂಗಡಿಯಲ್ಲಿ 200 ಮಿಲಿಗೆ ಕಲಸುವ ಚಿಕ್ಕದೂ ಸಿಗುತ್ತೆ. ಮನೆಯಲ್ಲಿ ಇರುವುದು ಕೊಡ, ಚರಗಿ, ಲೋಟ. ಅಳತೆಯದ್ದು ಯಾವುದೂ ಇಲ್ಲ. ಕಲಸಿ ತೋರಿಸಿ ಅಂದಾಗ ಒಬ್ಬ ತಾಯಿ ದೊಡ್ಡ ಪೊಟ್ಟಣವನ್ನೇ ಒಂದು ಲೋಟಕ್ಕೆ ಸುರಿದಳು. ಗಟ್ಟಿ ಇದ್ದರೆ ಜಾಸ್ತಿ ಗುಣ ಅಂತ ಅವಳ ನಂಬಿಕೆ. ಅಷ್ಟು ಗಟ್ಟಿ ಕುಡಿಸಿದರೆ ಮಗುವಿನ ರಕ್ತದಲ್ಲಿ ಉಪ್ಪು ಏರಿ ಅಪಾಯ ಆಗುತ್ತೆ. ತೀರಾ ನೀರಾದರೆ ಪ್ರಯೋಜನ ಇಲ್ಲ. ನನ್ನ ಪೋಸ್ಟರ್ ಎಷ್ಟೇ ಚೆನ್ನಾಗಿದ್ದರೂ ಈ ಲೋಟ ತಪ್ಪುತ್ತಿರಲಿಲ್ಲ.

ಆ ಆಶಾ ಅಕ್ಕ ಇದಕ್ಕೆ ಆಗಲೇ ದಾರಿ ಹುಡುಕಿಕೊಂಡಿದ್ದರು. ಮದುವೆ ಮನೆಗಳಿಂದ ಒಂದು ಲೀಟರಿನ ಖಾಲಿ ನೀರಿನ ಬಾಟಲಿ ತಂದು ತೊಳೆದು ಇಟ್ಟುಕೊಂಡಿದ್ದರು. ಬಾಣಂತಿಯರ ಮನೆಗೆ ಹೋದಾಗ ಅದರಿಂದ ಅವರ ಮನೆಯ ಪಾತ್ರೆಗೇ ನೀರು ಸುರಿದು, ನೀರು ನಿಂತ ಕಡೆ ಕೆಂಪು ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ಅಷ್ಟೇ.

ಕಾಲೇಜಿನಲ್ಲಿ ನಮಗೆ ಜೈಪುರ ಕಾಲಿನ ಕಥೆ ಹೇಳಿದ್ದರು. 1968ರ ಹೊತ್ತಿಗೆ ಡಾ. ಪಿ.ಕೆ. ಸೇಠಿ ಎಂಬ ಮೂಳೆ ವೈದ್ಯರೂ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿಯೂ ಸೇರಿ ಮಾಡಿದ ಕೃತಕ ಕಾಲು ಅದು. ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂರಬಹುದು, ಚಪ್ಪಲಿ ಇಲ್ಲದೆ ಗದ್ದೆಗೆ ಇಳಿಯಬಹುದು. ಇದನ್ನು ಕೇಳಿಯೇ ನನಗೆ ಈ ಥರದ ಕೆಲಸದ ಆಸೆ ಹುಟ್ಟಿದ್ದು. ಆ ಇಬ್ಬರಲ್ಲಿ ಡಿಸೈನ್ ಡಿಗ್ರಿ ಇದ್ದವರು ಯಾರೂ ಇಲ್ಲ ಅನ್ನುವುದು ಮಾತ್ರ ನೇಲ್ ಪಾಲಿಶ್ ಗೆರೆ ನೋಡಿದ ದಿನ ಹೊಳೆಯಿತು.

ಹಾಗಾದರೆ ನಾನೇನು ಮಾಡಬೇಕು? ಆಫೀಸಿಗೆ ಬಂದು ಜಗಳ ಆಡಿದೆ. ಪೋಸ್ಟರ್ ಬಿಡಿ, ಗೆರೆ ಎಳೆಯುವುದನ್ನು ಉಳಿದ ಆಶಾಗಳಿಗೆ ಕಲಿಸಿ ಅಂದೆ. "ಡಿಸೈನರ್‌ಗೆ ಸಂಬಳ ಕೊಟ್ಟು ನೇಲ್ ಪಾಲಿಶ್ ತರಿಸೋದಾ?" ಅಂದರು. ದುಡ್ಡು ಬಂದಿದ್ದು ಅಚ್ಚು ಹಾಕಿಸಲು; ಬೇರೆ ಬಾಬ್ತಿಗೆ ಖರ್ಚು ಮಾಡುವ ಹಾಗಿಲ್ಲ. ಎರಡು ತಿಂಗಳ ಎಳೆದಾಟದ ನಂತರ ಪೋಸ್ಟರೂ ಉಳಿಯಿತು (ಕೆಳಗೆ ಐದು ಲೋಗೋ, ಮಗುವಿನ ತಲೆಗಿಂತ ದೊಡ್ಡವು), ಕೆಂಪು ನೇಲ್ ಪಾಲಿಶ್ ಕೂಡ ಬಂತು. ಬಿಲ್ಲಿನಲ್ಲಿ ಅದು 'ಲೇಖನ ಸಾಮಗ್ರಿ'.

ನನ್ನದೇ ಅಂತ ಹೇಳಿಕೊಳ್ಳಬಹುದಾದ್ದು ಒಂದೇ, ಜಿಂಕ್ ಮಾತ್ರೆಯ ಕವರ್. ಓಆರ್‌ಎಸ್ ಜೊತೆ ಜಿಂಕ್ ಅನ್ನು 14 ದಿನ ಕೊಡಬೇಕು. ಮೂರನೇ ದಿನ ಭೇದಿ ನಿಂತರೆ ಮಾತ್ರೆಯೂ ನಿಲ್ಲುತ್ತೆ, ಯಾವ ತಾಯಿಯಾದರೂ ಹಾಗೇ ಮಾಡುತ್ತಾಳೆ ಅಲ್ವಾ. ಕವರ್ ಮೇಲೆ 14 ಚೌಕ ಹಾಕಿದೆ, ದಿನಕ್ಕೊಂದು ಗೀಟು. ಖಾಲಿಯಾದ ಕವರ್ ಆಶಾ ಕೈಗೆ ವಾಪಸ್ ಕೊಡಬೇಕು.

ಕವರ್‌ಗಳು ಬಂದವು. ಬಹಳಷ್ಟರಲ್ಲಿ 14 ಗೀಟೂ ಒಂದೇ ಪೆನ್ನಿನವು, ಒಂದೇ ಉಸಿರಿನಲ್ಲಿ ಎಳೆದವು. ವಾಪಸ್ ಕೇಳಿದ್ದೇ ತಪ್ಪಾಗಿತ್ತು. ಇದು ತಮ್ಮ ಪರೀಕ್ಷೆ ಅಂತ ಆಶಾಗಳು ಹೆದರಿದ್ದರು. ಮುಂದಿನ ಸಲ ಕವರ್ ತಾಯಿಯ ಹತ್ತಿರವೇ ಇರಲಿ ಅಂದೆವು. ಲೆಕ್ಕ ಸಿಗುವುದಿಲ್ಲ ಅಂತ ಆಫೀಸಿನಲ್ಲಿ ಇನ್ನೂ ಗೊಣಗುತ್ತಾರೆ.