ತಲೆಯ ಮೇಲಿಟ್ಟ ಕೈ

ಪೆಂತೆಕೋಸ್ತ್ ಹಬ್ಬದ ಮರು ಭಾನುವಾರ ನಮ್ಮ ಕತೀಡ್ರಲ್‌ನಲ್ಲಿ ಹೊಸ ಪಾದ್ರಿಗಳನ್ನು ಸೇವೆಗೆ ನೇಮಿಸುವ ದೀಕ್ಷೆಯ ಆರಾಧನೆ ನಡೆಯಿತು. ಆ ದಿನ ಇನ್ನೂ ನನ್ನನ್ನು ಬಿಟ್ಟಿಲ್ಲ. ಎಷ್ಟು ಜನ ಸೇರಿದ್ದರು, ಯಾವ ಹಾಡು ಹಾಡಿದೆವು, ಸರಿಯಾಗಿ ನೆನಪಿಲ್ಲ. ನೆನಪಿರುವುದು ನನ್ನ ಬಲಗೈ ಮಾತ್ರ. ಅದು ಒಬ್ಬ ಯುವಕನ ತಲೆಯ ಮೇಲಿತ್ತು. ತಲೆ ಬಿಸಿಯಾಗಿತ್ತು, ಕೂದಲು ಬೆವರಿನಿಂದ ಒದ್ದೆಯಾಗಿತ್ತು. ಅವನ ಉಸಿರು ಏರಿಳಿಯುವುದು ನನ್ನ ಬೆರಳುಗಳಿಗೆ ತಿಳಿಯುತ್ತಿತ್ತು.

ಪಾದ್ರಿಯಾಗುವ ಮೊದಲಿನ ಮೆಟ್ಟಿಲು ಡೀಕನ್ ಸೇವೆ. ಡೀಕನ್ ದೀಕ್ಷೆಯಲ್ಲಿ ಬಿಷಪ್ ಒಬ್ಬರೇ ತಲೆಯ ಮೇಲೆ ಕೈಯಿಡುತ್ತಾರೆ. ಪಾದ್ರಿ ದೀಕ್ಷೆಯಲ್ಲಿ ಹಾಗಲ್ಲ. ಅಲ್ಲಿರುವ ಪಾದ್ರಿಗಳೆಲ್ಲ ಮುಂದೆ ಬಂದು ಬಿಷಪ್ ಜೊತೆ ಕೈಯಿಡುತ್ತಾರೆ. 1550ರ ಮೊದಲ ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ) ದೀಕ್ಷಾವಿಧಿಯಲ್ಲೇ ಇದಿದೆ, 1662ರ ಪ್ರಾರ್ಥನಾ ಪುಸ್ತಕದಲ್ಲೂ ಇದೆ. ಅದಕ್ಕೆ ಮೊದಲು ಪವಿತ್ರಾತ್ಮನನ್ನು ಕರೆಯುವ ಪುರಾತನ ಗೀತೆ. ಬಿಷಪ್ ಒಂದು ಸಾಲು ಹಾಡಿದರೆ ಉಳಿದವರು ಮುಂದಿನ ಸಾಲು. ಆಮೇಲೆ ಸ್ವಲ್ಪ ಹೊತ್ತು ಪ್ರಾರ್ಥನೆ. ಆಮೇಲೆ ಕೈಗಳು.

ನನ್ನ ದೀಕ್ಷೆಯ ದಿನವೂ ಹೀಗೇ ಮೊಣಕಾಲೂರಿದ್ದೆ. ಒಂದರ ಮೇಲೊಂದು ಕೈ ಬಂದು ಕುತ್ತಿಗೆ ಬಾಗಿತು. ಅಷ್ಟು ಕೈಗಳಲ್ಲಿ ಒಂದು ಮಾತ್ರ ನಡುಗುತ್ತಿತ್ತು. ನೋಡದೆಯೂ ಗೊತ್ತಾಯಿತು, ಅದು ನಮ್ಮ ಹಿರಿಯ ಅಯ್ಯನವರದು. ಡೀಕನ್ ಆಗಿದ್ದ ವರ್ಷ ನಾನು ಅವರ ಕೈಕೆಳಗೇ ಸೇವೆ ಕಲಿತಿದ್ದೆ. ಅವರು ಈಗ ಕರ್ತನಲ್ಲಿ ನಿದ್ರಿಸುತ್ತಿದ್ದಾರೆ. ಆದರೂ ಆ ನಡುಕ ಇವತ್ತಿಗೂ ನನ್ನ ನೆತ್ತಿಯ ಮೇಲಿದೆ.

ಅಯ್ಯನವರು ದಿನಾ ಬೆಳಿಗ್ಗೆ, ಸಂಜೆ ಗಂಟೆ ಬಾರಿಸುತ್ತಿದ್ದರು. ಬಾರಿಸಿ, ಸ್ವಲ್ಪ ಕಾದು, ಪ್ರಾರ್ಥನೆ ಶುರು ಮಾಡುತ್ತಿದ್ದರು. ಬಹಳ ಸಲ ಯಾರೂ ಬರುತ್ತಿರಲಿಲ್ಲ. ಅವರು, ನಾನು, ಖಾಲಿ ಬೆಂಚುಗಳು. ಯಾರೂ ಇಲ್ಲದಿದ್ದರೂ ಜೋರಾಗಿಯೇ ಓದುತ್ತಿದ್ದರು. ಹಿಂದೆ ಮಠಗಳಲ್ಲಿ ದಿನಕ್ಕೆ ಹಲವು ಬಾರಿ ನಡೆಯುತ್ತಿದ್ದ ಪ್ರಾರ್ಥನೆಯನ್ನು 1549ರಲ್ಲಿ ಆರ್ಚ್‌ಬಿಷಪ್ ಕ್ರಾನ್ಮರ್ ಬೆಳಿಗ್ಗೆ, ಸಂಜೆ ಎಂದು ಎರಡಕ್ಕೆ ಇಳಿಸಿದರು. ಸಾಮಾನ್ಯ ಜನರೂ ಬಂದು ಸೇರಲಿ ಎಂಬ ಆಸೆ. ಕಾಯಿಲೆ ಅಥವಾ ತೀರಾ ತುರ್ತು ಕಾರಣ ಇಲ್ಲದಿದ್ದರೆ ಪಾದ್ರಿಗಳೂ ಡೀಕನ್‌ಗಳೂ ದಿನಾ ಇದನ್ನು ಹೇಳಲೇಬೇಕು, ಸಭಾಪಾಲಕರು ಜನರಿಗೆ ಕೇಳುವಂತೆ ಗಂಟೆ ಬಾರಿಸಬೇಕು ಎಂದು ಪ್ರಾರ್ಥನಾ ಪುಸ್ತಕ ಮೊದಲಲ್ಲೇ ಹೇಳುತ್ತದೆ. ಅಯ್ಯನವರಿಗೆ ಇದು ಬರೀ ನಿಯಮ ಆಗಿರಲಿಲ್ಲ. ದೀಕ್ಷೆಯ ದಿನ ಕೊಟ್ಟ ಮಾತನ್ನು ಅವರು ಹೀಗೆ ದಿನಕ್ಕೆರಡು ಸಲ ಉಳಿಸಿಕೊಳ್ಳುತ್ತಿದ್ದರು.

ಆ ಮಾತು ಏನು ಅಂತ ನೋಡಿ. ದೀಕ್ಷೆಯಲ್ಲಿ ಬಿಷಪ್ ಹಲವು ಪ್ರಶ್ನೆ ಕೇಳುತ್ತಾರೆ. ಅದರಲ್ಲೊಂದು: ಪ್ರಾರ್ಥನೆಯಲ್ಲೂ ದೇವರ ವಾಕ್ಯದ ಓದಿನಲ್ಲೂ ಶ್ರದ್ಧೆಯಿಂದ ಇರುವಿರಾ? 1662ರ ವಿಧಿಯಲ್ಲಿ ಇದಕ್ಕೆ ಕೊಡುವ ಉತ್ತರ, ಹಾಗೆ ಮಾಡಲು ಪ್ರಯತ್ನಿಸುವೆನು, ಕರ್ತನು ನನಗೆ ಸಹಾಯಕನು ಎಂದು. ಪ್ರಾರ್ಥನೆ ವಿಷಯದಲ್ಲಿ ಯಾರೂ ಎದೆ ತಟ್ಟಿ ಮಾತು ಕೊಡಲಾಗದು, ಅಲ್ವಾ? ನನಗೆ ಈ ಉತ್ತರದಲ್ಲಿ ದೊಡ್ಡ ಸಮಾಧಾನವಿದೆ.

ಪ್ರಾರ್ಥನಾ ಪುಸ್ತಕದಲ್ಲಿ ಬೈಬಲಿನ 150 ಕೀರ್ತನೆಗಳನ್ನು 30 ದಿನಕ್ಕೆ ಹಂಚಿದ್ದಾರೆ. ಪ್ರತಿ ತಿಂಗಳು 15ನೇ ತಾರೀಖು ಸಂಜೆ 78ನೇ ಕೀರ್ತನೆ ಬರುತ್ತದೆ. ಅದೊಂದೇ. 70ಕ್ಕೂ ಜಾಸ್ತಿ ವಚನ. ಇಸ್ರಾಯೇಲ್ಯರು ಮರೆತದ್ದು, ಗೊಣಗಿದ್ದು, ದೇವರು ಸಿಟ್ಟಾದದ್ದು, ಮತ್ತೆ ಕರುಣೆ ತೋರಿಸಿದ್ದು, ಎಲ್ಲ ಬರುತ್ತದೆ. ಅಯ್ಯನವರು ಒಂದು ವಚನವನ್ನೂ ಬಿಡುತ್ತಿರಲಿಲ್ಲ. ಕೆಮ್ಮು ಬಂದರೆ ನಿಲ್ಲುತ್ತಿದ್ದರು, ನಿಂತಲ್ಲಿಂದಲೇ ಮತ್ತೆ ಹಿಡಿಯುತ್ತಿದ್ದರು. ಕೊನೆಗೆ ದೇವರು ದಾವೀದನನ್ನು ಕುರಿಹಟ್ಟಿಯಿಂದ ಕರೆದು ತನ್ನ ಪ್ರಜೆಯನ್ನು ಕಾಯಲು ಇಡುತ್ತಾನೆ. ಅವನು ನೆಟ್ಟಗಿನ ಮನಸ್ಸಿನಿಂದ ಮೇಯಿಸಿದ, ಜಾಣ ಕೈಗಳಿಂದ ನಡೆಸಿದ ಎನ್ನುವಲ್ಲಿ ಕೀರ್ತನೆ ಮುಗಿಯುತ್ತದೆ. ಒಂದು ಸಂಜೆ ಪುಸ್ತಕ ಮುಚ್ಚುತ್ತಾ ಅಯ್ಯನವರು ಹೇಳಿದರು, "ತಮ್ಮಾ, ಕುರುಬನ ಕೈ ಕಾಣಬೇಕಾದರೆ ಇಷ್ಟೂ ಅರಣ್ಯ ದಾಟಿಯೇ ಬರಬೇಕು."

ಅವರು ಜಾರ್ಜ್ ಹರ್ಬರ್ಟ್ ಅವರ ಕಥೆಯನ್ನೂ ಆಗಾಗ ಹೇಳುತ್ತಿದ್ದರು. ಇಂಗ್ಲೆಂಡಿನ ಬೆಮರ್ಟನ್ ಹಳ್ಳಿಗೆ ಅವರು ಸಭಾಪಾಲಕರಾಗಿ ಬಂದದ್ದು 1630ರಲ್ಲಿ, ತೀರಿಕೊಂಡದ್ದು 1633ರಲ್ಲಿ. ಮೂರು ವರ್ಷವೂ ತುಂಬಲಿಲ್ಲ. ಆದರೆ ಅವರ ಪ್ರಾರ್ಥನೆಯ ಗಂಟೆ ಕೇಳಿದರೆ ಕೆಲವು ರೈತರು ಉಳುತ್ತಿದ್ದ ನೇಗಿಲನ್ನು ನಿಲ್ಲಿಸಿ, ಪ್ರಾರ್ಥಿಸಿ, ಮತ್ತೆ ಉಳುತ್ತಿದ್ದರಂತೆ. "ಅವರು ಚರ್ಚ್‌ಗೆ ಬರಲಿಲ್ಲ, ಪ್ರಾರ್ಥನೆಗೆ ಬಂದರು" ಎಂದು ಅಯ್ಯನವರು ಹೇಳುವಾಗ ಅವರ ಮುಖ ನೋಡಬೇಕಿತ್ತು. ತಮ್ಮ ಖಾಲಿ ಬೆಂಚುಗಳ ಬಗ್ಗೆ ಅವರು ಯಾಕೆ ಬೇಸರ ಪಡಲಿಲ್ಲ ಅಂತ ನನಗೆ ಆಗ ಅರ್ಥವಾಯಿತು.

ಒಮ್ಮೆ ಇಟ್ಟ ಕೈಯನ್ನು ದೇವರು ಹಿಂದೆ ತೆಗೆಯುವುದಿಲ್ಲ ಎನ್ನುವುದೂ ಅವರಿಂದಲೇ ಕಲಿತದ್ದು. ಫ್ಲಾರೆನ್ಸ್ ಲೀ ಟಿಮ್-ಓಯ್ ಅವರ ಬದುಕು ಇದಕ್ಕೆ ಸಾಕ್ಷಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಡೀಕನ್ ಆಗಿ ನೋಡಿಕೊಳ್ಳುತ್ತಿದ್ದ, ಚೀನಾ ಕರಾವಳಿಯ ಮಕಾವ್‌ನ ಸಭೆಗೆ ಪ್ರಭುಭೋಜನ ನಡೆಸಲು ಪಾದ್ರಿಗಳು ತಲುಪಲು ಆಗುತ್ತಿರಲಿಲ್ಲ. 1944ರ ಜನವರಿ 25ರಂದು ಹಾಂಗ್‌ಕಾಂಗ್‌ನ ಬಿಷಪ್ ರೊನಾಲ್ಡ್ ಹಾಲ್, ಫ್ಲಾರೆನ್ಸ್ ಅವರ ತಲೆಯ ಮೇಲೆ ಕೈಯಿಟ್ಟರು. ಆಂಗ್ಲಿಕನ್ ಸಭೆಯಲ್ಲಿ ಪಾದ್ರಿಯಾದ ಮೊದಲ ಮಹಿಳೆ ಅವರು. ಯುದ್ಧ ಮುಗಿದ ಮೇಲೆ ಎಲ್ಲ ಕಡೆಯಿಂದ ಆಕ್ಷೇಪ ಬಂತು. ತಮ್ಮಿಂದ ಬಿಷಪ್‌ಗೆ ತೊಂದರೆಯಾಗಬಾರದೆಂದು 1946ರಲ್ಲಿ ಅವರು ಸೇವೆಯ ಅನುಮತಿ ಪತ್ರವನ್ನು ಬಿಟ್ಟುಕೊಟ್ಟರು. ಪತ್ರ ಬಿಟ್ಟರು, ದೀಕ್ಷೆಯನ್ನು ಬಿಡಲಿಲ್ಲ. ಮುಂದೆ ಚೀನಾದಲ್ಲಿ ಚರ್ಚ್‌ಗಳು ಮುಚ್ಚಿದವು, ಅವರು ಹೊಲದಲ್ಲೂ ಕಾರ್ಖಾನೆಯಲ್ಲೂ ದುಡಿದರು. ಎಷ್ಟೋ ವರ್ಷಗಳ ನಂತರ ಕೆನಡಾದಲ್ಲಿ ಮತ್ತೆ ಪಾದ್ರಿಯಾಗಿ ಸೇವೆ ಮಾಡಿದರು. ಹೊಸದಾಗಿ ದೀಕ್ಷೆ ಕೊಡಬೇಕಾಗಲಿಲ್ಲ. ಆ ಕೈ ಅಲ್ಲೇ ಇತ್ತು. ಕರ್ತನಿಗೆ ಸ್ತೋತ್ರ.

ಈಗ ಮನಸ್ಸಿಗೆ ನೋವು ಕೊಡುವ ಮಾತು ಹೇಳಲೇಬೇಕು. ಇಂದು ಸಭಾಪಾಲಕರ ದಿನ ಎಲ್ಲಿ ಹೋಗುತ್ತದೆ? ಸಮಿತಿ, ಲೆಕ್ಕಪತ್ರ, ಕಟ್ಟಡದ ರಿಪೇರಿ, ವರ್ಗಾವಣೆಯ ಮಾತು. ಇವೆಲ್ಲ ಬೇಡ ಅಂತ ನಾನು ಹೇಳುವುದಿಲ್ಲ, ಸಭೆ ನಡೆಯಲು ಇವೂ ಬೇಕು. ಆದರೆ ಡೀಕನ್ ಆಗುವಾಗ ನಮಗೆ ಹೇಳಿದ ಕೆಲಸ ಏನು? ಸಭೆಯಲ್ಲಿ ಕಾಯಿಲೆಯವರು, ಬಡವರು, ಕೈಲಾಗದವರು ಯಾರು ಅಂತ ಹುಡುಕಬೇಕು. ಅವರ ಹೆಸರು, ಅವರಿರುವ ಜಾಗ ತಿಳಿದು ಸಭಾಪಾಲಕರಿಗೆ ತಿಳಿಸಬೇಕು. ಪಾದ್ರಿಯಾದರೂ, ಬಿಷಪ್ ಆದರೂ ಈ ಡೀಕನ್ ಸೇವೆ ಮುಗಿಯುವುದಿಲ್ಲ. ಪವಿತ್ರ ಗುರುವಾರ ಬಿಷಪ್ ಸೊಂಟಕ್ಕೆ ಬಟ್ಟೆ ಕಟ್ಟಿ ಕಾಲು ತೊಳೆಯುವುದು ಸುಮ್ನೆ ನೆನಪಿಗಾಗಿ ಅಲ್ಲ. ಹೆಸರು ಗೊತ್ತಿಲ್ಲದ ಕುರಿಯನ್ನು ಯಾವ ಕುರುಬ ಕರೆಯುತ್ತಾನೆ? ಅಯ್ಯನವರ ಪ್ರಾರ್ಥನಾ ಪುಸ್ತಕದೊಳಗೆ ಸಣ್ಣ ಚೀಟಿಗಳಿರುತ್ತಿದ್ದವು. ಎಲ್ಲದರಲ್ಲೂ ಹೆಸರುಗಳು. ಖಾಲಿ ಚರ್ಚ್‌ನಲ್ಲಿ ಆ ಹೆಸರುಗಳನ್ನೂ ಅವರು ಜೋರಾಗಿಯೇ ಓದುತ್ತಿದ್ದರು.

ನಾವು ಪಾದ್ರಿಗಳು ಪ್ರಾರ್ಥನೆ ಬಿಟ್ಟದ್ದು ಒಂದು ಕಡೆ. ಪಾದ್ರಿಗಳಿಗಾಗಿ ಪ್ರಾರ್ಥಿಸುವುದನ್ನು ಸಭೆಯೂ ಬಿಟ್ಟಿದೆ. ಎಂಬರ್ ದಿನಗಳು ಎಂದರೆ ಈಗ ಎಷ್ಟು ಜನಕ್ಕೆ ಗೊತ್ತು? ವರ್ಷಕ್ಕೆ ನಾಲ್ಕು ಸಲ ಬುಧವಾರ, ಶುಕ್ರವಾರ, ಶನಿವಾರ ಉಪವಾಸ ಮತ್ತು ಪ್ರಾರ್ಥನೆ. ಈಸ್ಟರ್‌ಗೆ ಮುಂಚಿನ ಉಪವಾಸಕಾಲವಾದ ಲೆಂಟಿನ ಮೊದಲ ಭಾನುವಾರದ ನಂತರ, ಪೆಂತೆಕೋಸ್ತ್ ನಂತರ, ಸೆಪ್ಟೆಂಬರ್ 14ರ ನಂತರ, ಡಿಸೆಂಬರ್ 13ರ ನಂತರ. ಆ ಮೂರು ದಿನಗಳ ಮರು ಭಾನುವಾರವೇ ದೀಕ್ಷೆ ಕೊಡುವುದು ಹಳೆಯ ಪದ್ಧತಿ. ಅಂದರೆ ಬಿಷಪ್ ಕೈಯಿಡುವ ಮೊದಲು ಇಡೀ ಸಭೆ ಹಸಿದು ಬೇಡಿಕೊಳ್ಳುತ್ತಿತ್ತು. ಆ ವಾರ ದಿನಾ ಹೇಳಬೇಕಾದ ಪ್ರಾರ್ಥನೆಯೊಂದು ಪುಸ್ತಕದಲ್ಲಿದೆ. ಬಿಷಪ್‌ಗಳು ಅವಸರದಲ್ಲಿ ಯಾರ ತಲೆಯ ಮೇಲೂ ಕೈಯಿಡದಂತೆ ಅವರ ಮನಸ್ಸನ್ನು ನಡೆಸು ಎಂದು ಅದರಲ್ಲಿ ಬೇಡುತ್ತೇವೆ. ಪೌಲನು ತಿಮೊಥೆಯನಿಗೆ ಹೇಳಿದ ಮಾತೇ ಅದು. ಈ ಸಲ ಪೆಂತೆಕೋಸ್ತ್ ವಾರದಲ್ಲಿ ಆ ಪ್ರಾರ್ಥನೆಯನ್ನು ಎಷ್ಟು ಮನೆಗಳಲ್ಲಿ ಹೇಳಿದೆವು? ದೀಕ್ಷೆಯ ದಿನ ಹಾರ ತರುತ್ತೇವೆ, ಫೋಟೋ ತೆಗೆಯುತ್ತೇವೆ. ಅದಕ್ಕಿಂತ ಮೊದಲಿನ ಮೂರು ದಿನ ಆ ಮಕ್ಕಳು ಒಬ್ಬರೇ ಇರುತ್ತಾರೆ.

ಮುಂದಿನ ಎಂಬರ್ ದಿನಗಳು ಸೆಪ್ಟೆಂಬರ್‌ನಲ್ಲಿ ಬರುತ್ತವೆ. ಆ ಮೂರು ದಿನ ನಿಮ್ಮ ಕೈಲಾದಷ್ಟು ಉಪವಾಸ ಮಾಡಿ. ಹೊಸದಾಗಿ ದೀಕ್ಷೆ ಪಡೆದವರಿಗಾಗಿ, ಪಡೆಯಲಿರುವವರಿಗಾಗಿ, ನಿಮ್ಮ ಸಭಾಪಾಲಕರಿಗಾಗಿ ಹೆಸರು ಹಿಡಿದು ಪ್ರಾರ್ಥಿಸಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೆಸರುಗಳು ಗೊತ್ತಿಲ್ಲದಿದ್ದರೆ ಡಯೋಸಿಸ್ (ಬಿಷಪ್ ಅವರ ಆಡಳಿತ) ಕಚೇರಿಗೆ ಒಂದು ಫೋನ್ ಮಾಡಿ ಕೇಳಿಕೊಳ್ಳಿ.